ಮಣಿಪುರದಲ್ಲಿ ಮನೆ ಕಳೆದುಕೊಂಡವರಿಗೆ ಇಲ್ಲಿಂದಲೇ ನೆರವಾಗುವುದು ಹೇಗೆ?

"ನಮ್ಮ ಪಿಜಿಯಲ್ಲಿ ಮಣಿಪುರದ ಹುಡುಗಿ ಇದ್ದಾಳೆ. ಊರಲ್ಲಿ ಅವಳ ಮನೆ ಸುಟ್ಟಿದ್ದಾರೆ. ಅಪ್ಪ ಅಮ್ಮ ಶಿಬಿರದಲ್ಲಿದ್ದಾರೆ. ನಾವೇನಾದ್ರೂ ಮಾಡಬಹುದಾ?"

ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಗಲಭೆ ಶುರುವಾದ 2023ರ ಮೇ ತಿಂಗಳಿಂದ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇದೆ. ಪಿಜಿ ನಡೆಸುವ ಆಂಟಿ ಕೇಳುತ್ತಾರೆ, ಕಾಲೇಜಿನ ಮೇಷ್ಟ್ರು ಕೇಳುತ್ತಾರೆ, ಆಸ್ಪತ್ರೆಯಲ್ಲಿ ಜೊತೆಗೆ ಡ್ಯೂಟಿ ಮಾಡುವ ನರ್ಸ್ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು. ನಾನು ವಕೀಲ ಅಲ್ಲ. ಅರ್ಜಿ ಬರೆದುಕೊಡುವುದರಲ್ಲಿ ಒಂದಷ್ಟು ಕೈ ಪಳಗಿದೆ, ಅಷ್ಟೇ.

ಬಟ್ಟೆ, ಅಕ್ಕಿ, ದುಡ್ಡು ಕಳಿಸುವುದು ನಿಮಗೇ ಗೊತ್ತು. ಇಲ್ಲಿ ಹೇಳುತ್ತಿರುವುದು ಗಲಭೆಯಲ್ಲಿ ಅಲ್ಪಸಂಖ್ಯಾತರಾಗಿ ಸಿಕ್ಕಿಬಿದ್ದವರ ಪರವಾಗಿ ಮಾಡುವ ಕಾಗದದ ಕೆಲಸ. ಮನೆ ಸುಟ್ಟವರ ಹತ್ತಿರ ಕಾಗದ ಇರುವುದಿಲ್ಲ, ನೆಟ್ ಇರುವುದಿಲ್ಲ, ಕೂತು ಬರೆಯುವ ಜಾಗವೂ ಇರುವುದಿಲ್ಲ. ನಿಮ್ಮ ಹತ್ತಿರ ಈ ಮೂರೂ ಇವೆ.

ಅಲ್ಪಸಂಖ್ಯಾತರು ಅಂದರೆ ಇಲ್ಲಿ ಯಾರು?

ಇದನ್ನು ಮೊದಲು ಸರಿಮಾಡಿಕೊಳ್ಳಿ. ಜಾಸ್ತಿ ಜನ ಎಡವುವುದು ಇಲ್ಲೇ.

ಮಣಿಪುರದ ನಡುವೆ ಇಂಫಾಲ್ ಕಣಿವೆ, ಸುತ್ತ ಬೆಟ್ಟ. ಕಣಿವೆಯಲ್ಲಿ ಮೈತೇಯಿಗಳು ಹೆಚ್ಚು. ದಕ್ಷಿಣದ ಚುರಾಚಾಂದ್‌ಪುರ, ಉತ್ತರದ ಕಾಂಗ್‌ಪೋಕ್ಪಿ ಕಡೆಯ ಬೆಟ್ಟಗಳಲ್ಲಿ ಕುಕಿ-ಜೋ ಬುಡಕಟ್ಟಿನವರು ಹೆಚ್ಚು. ಮೈತೇಯಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಕೊಡುವ ಬಗ್ಗೆ ಹೈಕೋರ್ಟಿನಿಂದ ಒಂದು ಆದೇಶ ಬಂದಿತ್ತು. ಅದನ್ನು ವಿರೋಧಿಸಿ 2023ರ ಮೇ 3ರಂದು ಬೆಟ್ಟದ ಜಿಲ್ಲೆಗಳಲ್ಲಿ ಮೆರವಣಿಗೆ ನಡೆಯಿತು. ಅವತ್ತೇ ಹಿಂಸೆ ಶುರುವಾಯಿತು. 250ಕ್ಕೂ ಹೆಚ್ಚು ಜನ ಸತ್ತರು. ಸುಮಾರು 60,000 ಜನ ಮನೆ ಬಿಟ್ಟರು.

ಇಡೀ ರಾಜ್ಯದ ಲೆಕ್ಕದಲ್ಲಿ ಮೈತೇಯಿಗಳು ಅರ್ಧಕ್ಕಿಂತ ಹೆಚ್ಚು. ಆದರೆ ಆ ರಾತ್ರಿ ಚುರಾಚಾಂದ್‌ಪುರದಲ್ಲಿ ಸಿಕ್ಕಿಹಾಕಿಕೊಂಡ ಮೈತೇಯಿ ಕುಟುಂಬಕ್ಕೆ ಆ ಲೆಕ್ಕದಿಂದ ಏನು ಪ್ರಯೋಜನ? ಇಂಫಾಲ್ ನಗರದ ನಡುವೆ ಇದ್ದ ಕುಕಿ ಕುಟುಂಬದ ಪಾಡೂ ಅದೇ. ಗಲಭೆಯಲ್ಲಿ ಅಲ್ಪಸಂಖ್ಯಾತರು ಯಾರು ಅನ್ನುವುದು ಆ ಹೊತ್ತಿಗೆ ಯಾರು ಯಾವ ಬೀದಿಯಲ್ಲಿದ್ದರು ಅನ್ನುವುದರ ಮೇಲೆ ನಿಂತಿರುತ್ತದೆ. ಹಾಗಾಗಿ ಈ ಕೆಲಸಕ್ಕೆ ಕೂರುವಾಗ "ತಪ್ಪು ಯಾರದ್ದು" ಅನ್ನುವ ಚರ್ಚೆಯನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ.

ಮಾತಿನಲ್ಲೂ ಹುಷಾರು. ಚುರಾಚಾಂದ್‌ಪುರವನ್ನು ಕುಕಿ-ಜೋ ಜನ ಲಮ್ಕಾ ಅನ್ನುತ್ತಾರೆ. ನೀವು ಯಾವ ಹೆಸರು ಹೇಳುತ್ತೀರಿ ಅನ್ನುವುದರಿಂದಲೇ ನೀವು ಯಾರ ಕಡೆ ಎಂದು ಅಳೆಯುವವರಿದ್ದಾರೆ. ಎದುರಿಗಿರುವವರು ಬಳಸುವ ಹೆಸರನ್ನೇ ಬಳಸಿ.

ಕೂರುವ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಈ ಕೆಲಸಕ್ಕೆಂದೇ ಹೊಸದಾಗಿ ತೆರೆದ ಒಂದು ಇಮೇಲ್, ಒಂದು ಪೆನ್‌ಡ್ರೈವ್. ಇಮೇಲ್ ಪಾಸ್‌ವರ್ಡ್ ಅವರ ಹತ್ತಿರವೇ ಇರಲಿ, ನಿಮ್ಮ ಹತ್ತಿರ ಬೇಡ.

ಭಾಷೆ ಬಲ್ಲ ಒಬ್ಬರು ಬೇಕಾಗಬಹುದು. ಮೈತೇಯಿಗಳ ಮಾತು ಮಣಿಪುರಿ. ಕುಕಿ-ಜೋ ಜನರಲ್ಲಿ ಥಾಡೋ, ಪೈತೇ, ಹ್ಮಾರ್ ಹೀಗೆ ಹಲವು ಭಾಷೆಗಳಿವೆ. "ಇಬ್ಬರೂ ಮಣಿಪುರದವರೇ ಅಲ್ವಾ" ಅಂತ ಒಂದು ಸಮುದಾಯದವರ ನೋವಿಗೆ ಇನ್ನೊಂದು ಸಮುದಾಯದವರನ್ನು ಅನುವಾದಕ್ಕೆ ಕೂರಿಸಬೇಡಿ. ಕೂರಿಸಲೇಬೇಕಾದರೆ ಮೊದಲು ಕೇಳಿ, ಅದೂ ಆ ಅನುವಾದಕರು ಇಲ್ಲದಾಗ ಕೇಳಿ.

ಹಂತ 1: ಇನ್ನೂ ಅಪಾಯದಲ್ಲಿದ್ದರೆ ಮೊದಲು ಜೀವ

ಮನೆಯವರು ಇನ್ನೂ ಅಪಾಯದ ಜಾಗದಲ್ಲಿದ್ದರೆ ಬೇರೆಲ್ಲ ಬಿಡಿ. ತುರ್ತು ನಂಬರ್ 112. ಹೊರ ರಾಜ್ಯದಿಂದ ನೀವು ಒತ್ತಿದರೆ ಕರೆ ನಿಮ್ಮ ಊರಿನ ಕಂಟ್ರೋಲ್ ರೂಮಿಗೇ ಹೋಗುತ್ತದೆ. ಹಾಗಾಗಿ ಅಲ್ಲಿನ ಜಿಲ್ಲಾಧಿಕಾರಿ ಕಚೇರಿ, ಪೊಲೀಸ್ ಕಂಟ್ರೋಲ್ ರೂಮಿನ ನಂಬರುಗಳನ್ನು ಎಸ್‌ಟಿಡಿ ಕೋಡ್ ಸಮೇತ ಮೊದಲೇ ಬರೆದಿಡಿ. ಫೋನಿನಲ್ಲಿ ಮೂರೇ ವಿಷಯ ಹೇಳಿ: ಎಷ್ಟು ಜನ, ಎಲ್ಲಿ, ನಡೆಯಲಾಗದವರು ಯಾರಾದರೂ ಇದ್ದಾರಾ. ಹೇಳಿದ್ದನ್ನೇ ಇಮೇಲ್‌ನಲ್ಲೂ ಕಳಿಸಿ. ಇಂಥ ದಿನ, ಇಷ್ಟು ಗಂಟೆಗೆ ತಿಳಿಸಿದ್ದೆವು ಅನ್ನುವುದಕ್ಕೆ ಮುಂದೆ ಅದೇ ಪುರಾವೆ.

ದಾರಿಯ ವಿಷಯ ನೀವು ಮ್ಯಾಪ್ ನೋಡಿ ಹೇಳಬೇಡಿ. ಗಲಭೆ ಶುರುವಾದ ಮೇಲೆ ಬೆಟ್ಟಕ್ಕೂ ಕಣಿವೆಗೂ ನಡುವೆ ಭದ್ರತಾ ಪಡೆಗಳು ಕಾಯುವ ಒಂದು ಪಟ್ಟಿಯೇ ಆಯಿತು. ಬಫರ್ ಜೋನ್ ಅನ್ನುತ್ತಾರೆ, ಅಂದರೆ ಎರಡೂ ಕಡೆಯವರು ದಾಟಬಾರದ ನಡುವಿನ ಜಾಗ. ಮ್ಯಾಪ್‌ನಲ್ಲಿ ಚುರಾಚಾಂದ್‌ಪುರಕ್ಕೆ ಹತ್ತಿರ ಕಾಣುವುದು ಇಂಫಾಲ್ ವಿಮಾನ ನಿಲ್ದಾಣ. ಆದರೆ ಕುಕಿ ಕುಟುಂಬಗಳು ಮಿಜೋರಾಂನ ಐಜಾಲ್‌ಗೆ ಬೆಟ್ಟದ ರಸ್ತೆಯಲ್ಲಿ ಹೋಗಿ ಅಲ್ಲಿಂದ ವಿಮಾನ ಹತ್ತಬೇಕಾಯಿತು. ಎರಡೂ ಕಡೆ ಗಾಡಿ ಓಡಿಸಲು ಸಾಧ್ಯವಾದದ್ದು ಪಾಂಗಲ್ ಅನ್ನುವ ಮಣಿಪುರಿ ಮುಸ್ಲಿಂ ಚಾಲಕರಿಗೆ. ಇಂಥದ್ದೆಲ್ಲ ಅಲ್ಲಿರುವವರಿಗೇ ಗೊತ್ತಿರುತ್ತದೆ.

ಎಚ್ಚರ: "ನಮ್ಮವರು ಇಂಥ ಕಡೆ ಅಡಗಿದ್ದಾರೆ, ದಯವಿಟ್ಟು ಶೇರ್ ಮಾಡಿ" ಅಂತ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದನ್ನು ಯಾರು ಓದುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಹಂತ 2: ಕೇಳಿ, ಬರೆದುಕೊಳ್ಳಿ

ನೆನಪು ಬೇಗ ಕಲಸಿಹೋಗುತ್ತದೆ. ನಡೆದದ್ದಕ್ಕೆ ಟಿವಿಯಲ್ಲಿ ನೋಡಿದ್ದು, ಪಕ್ಕದವರು ಹೇಳಿದ್ದು ಸೇರಿಕೊಳ್ಳುತ್ತದೆ. ಆದಷ್ಟು ಬೇಗ, ಅವರ ಮಾತಿನಲ್ಲೇ ಬರೆದುಕೊಳ್ಳಿ.

ಬಹಳ ಜನ ಹೀಗೆ ಬರೆಸುತ್ತಾರೆ: "ಅವರು ನಮ್ಮ ಜನಾಂಗವನ್ನೇ ನಾಶ ಮಾಡಲು ಬಂದರು, ಎಲ್ಲವನ್ನೂ ಸುಟ್ಟರು." ನೋವು ನಿಜ. ಆದರೆ ಪೊಲೀಸರಿಗೆ ಇದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಮಾದರಿಗೆ ಇನ್ನೊಂದು ನೋಡಿ: "ಸಂಜೆ ಸುಮಾರು ಏಳು ಗಂಟೆ. ಕರೆಂಟ್ ಹೋಗಿತ್ತು. ನಾನು, ಅತ್ತೆ, ಮಗು ಹಿಂದಿನ ಕೋಣೆಯಲ್ಲಿದ್ದೆವು. ಕಬ್ಬಿಣದ ಗೇಟಿಗೆ ಹೊಡೆಯುವ ಸದ್ದು ಕೇಳಿತು. ಕಿಟಕಿಯಿಂದ ನೋಡಿದಾಗ ಮೂವತ್ತಕ್ಕಿಂತ ಹೆಚ್ಚು ಜನ ಕಂಡರು. ಇಬ್ಬರ ಗುರುತು ಸಿಕ್ಕಿತು. ಒಬ್ಬರು ನಮ್ಮ ಬೀದಿಯಲ್ಲೇ ಅಂಗಡಿ ಇಟ್ಟವರು." ಎಲ್ಲಿ ನಿಂತಿದ್ದರು, ಬೆಳಕು ಎಷ್ಟಿತ್ತು, ಯಾರನ್ನು ಕಣ್ಣಾರೆ ಕಂಡರು, ಏನನ್ನು ಕೇಳಿ ತಿಳಿದರು ಅನ್ನುವುದನ್ನೆಲ್ಲ ಹೀಗೆ ಬೇರೆ ಬೇರೆ ಮಾಡಿ ಬರೆಯಿರಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಅಂತಲೇ ಬರೆಯಿರಿ. ಒಂದು ಹೆಸರನ್ನು ಊಹೆಯಿಂದ ಸೇರಿಸಿದರೂ ಇಡೀ ದೂರು ಸಡಿಲವಾಗುತ್ತದೆ.

ಸುಟ್ಟುಹೋದ ವಸ್ತುಗಳ ಪಟ್ಟಿ ಬೇರೆ ಹಾಳೆಯಲ್ಲಿರಲಿ. ಮನೆಯ ಅಳತೆ, ಕೋಣೆ ಎಷ್ಟು, ಗಾಡಿ ನಂಬರ್, ದನಕರು, ಹೊಲಿಗೆ ಯಂತ್ರ, ಕೈಮಗ್ಗ. ಹಳೆಯ ಹುಟ್ಟುಹಬ್ಬದ ಫೋಟೋಗಳಲ್ಲಿ ಹಿಂದೆ ಕಾಣುವ ಟಿವಿ, ಬೀರು ಕೂಡ ಪುರಾವೆಯೇ. ನೆಂಟರ ಫೋನಿನಲ್ಲಿ ಹುಡುಕಿಸಿ.

ಲೈಂಗಿಕ ಹಿಂಸೆ ನಡೆದಿದ್ದರೆ ನೀವು ವಿವರ ಕೇಳಲೇಬೇಡಿ. ಮಹಿಳಾ ವಕೀಲರ ಹತ್ತಿರ ಕರೆದುಕೊಂಡು ಹೋಗಿ. ಒಂದೇ ಕಥೆಯನ್ನು ಹತ್ತು ಜನರ ಮುಂದೆ ಹೇಳಿಸುವುದೂ ಹಿಂಸೆಯೇ. ಇಂಥವರಿಗೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ತಕ್ಷಣದ ಚಿಕಿತ್ಸೆಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ಮೊದಲು ಎಫ್‌ಐಆರ್ ತನ್ನಿ ಅನ್ನುವ ಹಾಗಿಲ್ಲ.

ಹಂತ 3: ಫೋಟೋ, ವಿಡಿಯೋ

ಅಸಲು ಫೈಲ್ ಇರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗುತ್ತದೆ. ಯಾವಾಗ, ಎಲ್ಲಿ ತೆಗೆದದ್ದು ಅನ್ನುವ ಒಳಮಾಹಿತಿಯೂ ಅಳಿಸಿಹೋಗುತ್ತದೆ. ಕೇಬಲ್ ಹಾಕಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕಾಗುತ್ತದೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಹಾಗೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಇದನ್ನು ವಕೀಲರು ಮಾಡಿಸುತ್ತಾರೆ. ನಿಮ್ಮ ಕೆಲಸ ಅಸಲನ್ನು ಮುಟ್ಟದೆ ಇಡುವುದು.

ಮಣಿಪುರದ ಗಲಭೆಯಲ್ಲಿ ಗುಂಪೊಂದು ಇಬ್ಬರು ಹೆಂಗಸರನ್ನು ಬೆತ್ತಲೆ ನಡೆಸಿದ ಆ ವಿಡಿಯೋ ನಿಮಗೂ ಬಂದಿರಬಹುದು. ಅಂಥದ್ದನ್ನು ಪುರಾವೆ ಅಂದುಕೊಂಡೂ ಯಾರಿಗೂ ಕಳಿಸಬೇಡಿ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದಕ್ಕೆ ಎರಡು ವರ್ಷದವರೆಗೆ ಜೈಲು ಇದೆ. ಇನ್ನೊಂದು ಮಾತು. ಆ ಗಲಭೆಯ ಮೊದಲ ದಿನಗಳಲ್ಲಿ ಬೇರೆ ಊರಿನ ಹಳೆಯ ಕೊಲೆಯೊಂದರ ಫೋಟೋ "ನಮ್ಮ ಹುಡುಗಿಯನ್ನು ಕೊಂದರು" ಅಂತ ಹರಿದಾಡಿತ್ತು. ಕೋಪಕ್ಕೆ ಅಷ್ಟು ಸಾಕಾಯಿತು.

ಹಂತ 4: ಜೀರೋ ಎಫ್‌ಐಆರ್

ಇದೇ ಇಡೀ ಕೆಲಸದ ಬೆನ್ನೆಲುಬು. ನಿಧಾನವಾಗಿ ಓದಿ.

ಎಫ್‌ಐಆರ್ ಅಂದರೆ ಅಪರಾಧ ನಡೆದಿದೆ ಎಂದು ಪೊಲೀಸರು ದಾಖಲಿಸುವ ಮೊದಲ ವರದಿ. ಘಟನೆ ನಡೆದ ಠಾಣೆಗೇ ಹೋಗಬೇಕು ಎಂದಿಲ್ಲ. ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ಅವರು ಸೊನ್ನೆ ನಂಬರ್ ಹಾಕಿ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸ್, ಕೋರ್ಟಿನ ಕ್ರಮ ಹೇಳುವ ಹೊಸ ಕಾನೂನು) 173ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಮಣಿಪುರದಲ್ಲಿ ನಡೆದದ್ದಕ್ಕೆ ಬೆಂಗಳೂರಿನ ನಿಮ್ಮ ಬಡಾವಣೆಯ ಠಾಣೆಯಲ್ಲೂ ದೂರು ಕೊಡಬಹುದು. ಕಣಿವೆಯ ಠಾಣೆಗೆ ಕಾಲಿಡಲಾಗದ ಕುಕಿ ಹೆಂಗಸಿಗೆ, ಚುರಾಚಾಂದ್‌ಪುರಕ್ಕೆ ಮರಳಲಾಗದ ಮೈತೇಯಿ ಮುದುಕರಿಗೆ ಇದು ದೊಡ್ಡ ದಾರಿ.

ಆದರೆ ಜೀರೋ ಎಫ್‌ಐಆರ್ ಆಯಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಆ ವಿಡಿಯೋದ ಪ್ರಕರಣವನ್ನೇ ನೋಡಿ. ಘಟನೆ ನಡೆದದ್ದು 2023ರ ಮೇ 4. ಸೈಕುಲ್ ಠಾಣೆಯಲ್ಲಿ ಜೀರೋ ಎಫ್‌ಐಆರ್ ಆದದ್ದು ಮೇ 18. ಅದು ಘಟನೆ ನಡೆದ ವ್ಯಾಪ್ತಿಯ ನೊಂಗ್‌ಪೋಕ್ ಸೆಕ್ಮಾಯ್ ಠಾಣೆಗೆ ತಲುಪಿದ್ದು ಜೂನ್ 21. ವಿಡಿಯೋ ಹೊರಬಂದದ್ದು ಜುಲೈ 19, ಮೊದಲ ಬಂಧನ ಜುಲೈ 20. ಒಟ್ಟು 77 ದಿನ. ಈ ನಡುವೆ ಕಾಗದ ಯಾರದೋ ಮೇಜಿನ ಮೇಲೆ ಮಲಗಿತ್ತು. ವಿಡಿಯೋ ಹೊರಬಂದ ಮೇಲಷ್ಟೇ ಅದು ಎದ್ದಿತು.

ಹಾಗಾಗಿ ಹೀಗೆ ಮಾಡಿ:

ದೂರಿನ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಾಣೆಯ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಅಪರಾಧವಾದರೆ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ವಾರದ ನಂತರ, "ಯಾವ ದಿನ, ಯಾವ ಪತ್ರದ ನಂಬರಿನಲ್ಲಿ ಯಾವ ಠಾಣೆಗೆ ಕಳಿಸಿದಿರಿ" ಅಂತ ಬರವಣಿಗೆಯಲ್ಲಿ ಕೇಳಿ. ಅಲ್ಲಿನ ಠಾಣೆಯಲ್ಲಿ ಬಿದ್ದ ಹೊಸ ನಂಬರನ್ನೂ ಪಡೆದುಕೊಳ್ಳಿ. ಮುಂದೆ ಎಲ್ಲ ಕಡೆ ಕೇಳುವುದು ಆ ನಂಬರನ್ನೇ. ತೊಂಬತ್ತು ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ.

"ಅಲ್ಲಿಗೇ ಹೋಗಿ ಕೊಡಿ" ಅಂತ ವಾಪಸ್ ಕಳಿಸುವುದು ಇದೆ. ಜಗಳ ಬೇಡ. ಅದೇ ದೂರನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ, ಬೆಂಗಳೂರಾದರೆ ಡಿಸಿಪಿಗೆ. ಅದಕ್ಕೂ ಉತ್ತರ ಬಾರದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ. ಅಂಚೆ ರಸೀದಿ ಬಿಸಾಡಬೇಡಿ. ಅತ್ಯಾಚಾರದಂಥ ಅಪರಾಧದ ದೂರನ್ನು ಬರೆದುಕೊಳ್ಳದ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಇದೆ ಅನ್ನುವುದು ನಿಮ್ಮ ತಲೆಯಲ್ಲಿರಲಿ.

"ಎರಡು ವರ್ಷ ಆಯ್ತಲ್ಲ, ಇನ್ನು ಕೊಟ್ಟರೆ ತಗೋತಾರಾ?" ಇದು ಜಾಸ್ತಿ ಬರುವ ಪ್ರಶ್ನೆ. ಕೊಲೆ, ಸಾಮೂಹಿಕ ಅತ್ಯಾಚಾರ, ಮನೆಗೆ ಬೆಂಕಿ ಹಚ್ಚುವುದು ಇವಕ್ಕೆಲ್ಲ ಕಾಲಮಿತಿ ಇಲ್ಲ. ಆದರೆ ಯಾಕೆ ತಡವಾಯಿತು ಅಂತ ದೂರಿನಲ್ಲೇ ಎರಡು ಸಾಲು ಬರೆಯಿರಿ: ಶಿಬಿರದಲ್ಲಿದ್ದೆವು, ನೆಟ್ ಬಂದ್ ಇತ್ತು, ಠಾಣೆಗೆ ಹೋಗುವ ದಾರಿ ಇರಲಿಲ್ಲ. 2024ರ ಜುಲೈಗಿಂತ ಹಿಂದೆ ನಡೆದದ್ದಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ ಕಲಂಗಳೇ ಹತ್ತುತ್ತವೆ. ಯಾವ ಕಲಂ ಅಂತ ನೀವು ತಲೆ ಕೆಡಿಸಿಕೊಳ್ಳುವುದು ಬೇಡ.

ಗಂಭೀರ ಪ್ರಕರಣಗಳು ಸಿಬಿಐ ಕೈಗೆ ಹೋಗಿವೆ. ಅವುಗಳ ವಿಚಾರಣೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಅಸ್ಸಾಂನ ಗುವಾಹಟಿಗೆ ವರ್ಗಾಯಿಸಿತು. ಸಾಕ್ಷಿಗಳು ವಿಡಿಯೋ ಮೂಲಕವೂ ಹಾಜರಾಗಬಹುದು. ಸಮನ್ಸ್ ಬಂದರೆ ಗುವಾಹಟಿಗೆ ಟಿಕೆಟ್ ಹುಡುಕುವ ಮೊದಲು ಈ ಅವಕಾಶದ ಬಗ್ಗೆ ವಕೀಲರನ್ನು ಕೇಳಿ.

ಹಂತ 5: ವಕೀಲರಿಗೆ ದುಡ್ಡು ಕೊಡಬೇಕಿಲ್ಲ

ಇದು ಬಹಳ ಜನರಿಗೆ ಗೊತ್ತೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪುಕ್ಕಟೆ ವಕೀಲರು ಯಾರಿಗೆಲ್ಲ ಸಿಗುತ್ತಾರೆ ಅಂತ ಪಟ್ಟಿ ಮಾಡುತ್ತದೆ. ಅದರಲ್ಲಿ ಜನಾಂಗೀಯ ಹಿಂಸೆಗೆ ತುತ್ತಾದವರು ಅಂತ ನೇರವಾಗಿಯೇ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರೂ ಪಟ್ಟಿಯಲ್ಲಿದ್ದಾರೆ. ಇವರ್ಯಾರಿಗೂ ಆದಾಯದ ಮಿತಿ ಇಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ 15100. ಆದಾಯ ಪ್ರಮಾಣಪತ್ರ ತನ್ನಿ ಅಂದರೆ ಮೆತ್ತಗೆ 12ನೇ ಕಲಂ ನೆನಪಿಸಿ.

ಹಂತ 6: ಸುಟ್ಟ ದಾಖಲೆ, ರೇಷನ್, ಶಾಲೆ

ಆಧಾರ್ ನಂಬರ್ ನೆನಪಿದ್ದು ಮೊಬೈಲ್ ಜೋಡಣೆಯಾಗಿದ್ದರೆ ಇ-ಆಧಾರ್ ಇಳಿಸಿಕೊಳ್ಳಿ. ನಂಬರೂ ಇಲ್ಲ, ಸಿಮ್ಮೂ ಸುಟ್ಟಿದೆ ಅಂದರೆ ಆಧಾರ್ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಬೆರಳಚ್ಚಿನಿಂದ ಹುಡುಕಿಸಬೇಕು. ನಿರಾಶ್ರಿತರಿಗೆ ಕಳೆದುಹೋದ ಆಧಾರ್ ಮತ್ತೆ ಕೊಡಿಸಬೇಕೆಂದು ಸುಪ್ರೀಂ ಕೋರ್ಟೇ 2023ರಲ್ಲಿ ಹೇಳಿದೆ. ಇದೊಂದು ಸಿಕ್ಕರೆ ಡಿಜಿಲಾಕರ್, ಬ್ಯಾಂಕು ಒಂದೊಂದೇ ತೆರೆದುಕೊಳ್ಳುತ್ತವೆ.

ಆಹಾರ ಭದ್ರತಾ ಕಾಯ್ದೆಯ ರೇಷನ್ ಕಾರ್ಡ್ ಇದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ತೆಗೆದುಕೊಳ್ಳಬಹುದು. ಒಂದೇ ಕಾರ್ಡಿನಲ್ಲಿ ಅಲ್ಲಿನವರು ಅಲ್ಲಿ, ಇಲ್ಲಿನವರು ಇಲ್ಲಿ ತಮ್ಮ ಪಾಲು ಪಡೆಯಬಹುದು. ಅಂಗಡಿಯವರು ಮೊದಲು ಆಗಲ್ಲ ಅಂತಾರೆ. "ಒಂದು ದೇಶ ಒಂದು ಪಡಿತರ ಚೀಟಿ" ಅನ್ನಿ, ಮಷೀನಿನಲ್ಲಿ ಬೆರಳಿಟ್ಟು ನೋಡಲು ಹೇಳಿ.

ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಲು ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಸೀಟು ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ಹಂತ 7: ಮಾನವ ಹಕ್ಕುಗಳ ಆಯೋಗ

ಪೊಲೀಸರೇ ಸುಮ್ನೆ ನಿಂತು ನೋಡಿದರು, ದೂರು ತೆಗೆದುಕೊಳ್ಳಲಿಲ್ಲ, ಶಿಬಿರದಲ್ಲಿ ನೀರು ಔಷಧಿ ಇಲ್ಲ ಅನ್ನುವಂಥ ವಿಷಯಕ್ಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ನೊಂದವರ ಪರವಾಗಿ ನೀವೂ ಬರೆಯಬಹುದು. ಸಂವಿಧಾನದ ಎಂಟನೇ ಪರಿಚ್ಛೇದದ ಪಟ್ಟಿಯಲ್ಲಿರುವ ಯಾವ ಭಾಷೆಯಾದರೂ ಆಗುತ್ತದೆ, ಕನ್ನಡವೂ ಆಗುತ್ತದೆ, ಮಣಿಪುರಿಯೂ ಆಗುತ್ತದೆ. ಥಾಡೋ, ಪೈತೇ ಆ ಪಟ್ಟಿಯಲ್ಲಿಲ್ಲ. ಆ ಭಾಷೆಯ ಹೇಳಿಕೆಯನ್ನು ಇಂಗ್ಲಿಷಿಗೋ ಹಿಂದಿಗೋ ಮಾಡಿಸಿ ಕಳಿಸಿ.

ಇಲ್ಲಿ ಎಡವುವ ಜಾಗ ಮೂರಿವೆ. ಘಟನೆ ನಡೆದು ಒಂದು ವರ್ಷ ದಾಟಿದ್ದರೆ ಆಯೋಗ ವಿಚಾರಣೆ ಮಾಡುವುದಿಲ್ಲ. ಹಾಗಾಗಿ ಹಳೆಯ ಬೆಂಕಿಯನ್ನಲ್ಲ, ಇವತ್ತಿಗೂ ನಡೆಯುತ್ತಿರುವ ತೊಂದರೆಯನ್ನು ಬರೆಯಿರಿ. ಎರಡನೆಯದು, ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಒಟ್ಟಿಗೆ ಕಳಿಸಬೇಡಿ. ರಾಜ್ಯ ಆಯೋಗದ ಮುಂದೆ ಇರುವುದನ್ನು ದಿಲ್ಲಿಯವರು ಮುಟ್ಟುವುದಿಲ್ಲ. ಮೂರನೆಯದು, ದೂರು ಸೇನಾಪಡೆಯ ಮೇಲಿದ್ದರೆ ಆಯೋಗ ಕೇಂದ್ರದಿಂದ ವರದಿ ಕೇಳಿ ಶಿಫಾರಸು ಮಾಡಬಹುದು, ತಾನೇ ತನಿಖೆಗೆ ಇಳಿಯುವಂತಿಲ್ಲ.

ಹಂತ 8: ಪರಿಹಾರ

ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು 2023ರಲ್ಲಿ ಸರ್ಕಾರ ಘೋಷಿಸಿತು, ಕೇಂದ್ರ ಅರ್ಧ, ರಾಜ್ಯ ಅರ್ಧ. ಇದಲ್ಲದೆ ಸಂತ್ರಸ್ತರ ಪರಿಹಾರ ಯೋಜನೆ ಬೇರೆಯೇ ಇದೆ. ಅದಕ್ಕೆ ಅರ್ಜಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಅಪರಾಧಿ ಸಿಕ್ಕಿರಬೇಕು, ಶಿಕ್ಷೆಯಾಗಿರಬೇಕು ಅಂತೇನೂ ಇಲ್ಲ. ಇದನ್ನೂ ನೆರವನ್ನೂ ನೋಡಿಕೊಳ್ಳಲು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಗೀತಾ ಮಿತ್ತಲ್ ನೇತೃತ್ವದಲ್ಲಿ ಮೂವರು ನಿವೃತ್ತ ಮಹಿಳಾ ನ್ಯಾಯಮೂರ್ತಿಗಳ ಸಮಿತಿ ಮಾಡಿತು.

"ಹಣ ತಗೊಂಡರೆ ಕೇಸು ಬಿಟ್ಟ ಹಾಗೆ ಆಗುತ್ತಾ?" ಇಲ್ಲ. ಅದು ಬೇರೆ, ಇದು ಬೇರೆ. ಆದರೆ ಹಣ ಕೊಡುವಾಗ ಸಹಿಗೆ ಇಡುವ ಕಾಗದವನ್ನು ಪೂರ್ತಿ ಓದಿಸಿಕೊಂಡೇ ಸಹಿ ಮಾಡಲಿ.

ಹಂತ 9: ನಿಮ್ಮ ಬೀದಿ

2012ರ ಆಗಸ್ಟ್ ನೆನಪಿದೆಯಾ? ಅಸ್ಸಾಂನ ಕೊಕ್ರಝಾರ್ ಕಡೆ ಗಲಭೆ. ಇಲ್ಲಿ ಎಸ್‌ಎಂಎಸ್ ವದಂತಿ. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಈಶಾನ್ಯದ ಹುಡುಗ ಹುಡುಗಿಯರು ಬ್ಯಾಗು ಹೊತ್ತು ಸಾವಿರಗಟ್ಟಲೆ ನಿಂತಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಅದಕ್ಕೂ ಹಿಂದೆ, 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ಆದೇಶದ ಹೊತ್ತಿಗೆ ಇದೇ ಊರಿನಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿದ್ದಿತ್ತು. ಆಗ ಬಹುಸಂಖ್ಯಾತರು ನಾವು.

ಹಾಗಾಗಿ ವದಂತಿ ಬಂದ ದಿನ ಮೆಸೇಜ್ ಫಾರ್ವರ್ಡ್ ಮಾಡಬೇಡಿ, ನಿಮ್ಮ ಬೀದಿಯಲ್ಲಿರುವ ಅಂಥವರ ಬಾಗಿಲು ತಟ್ಟಿ. ನಿಮ್ಮ ನಂಬರ್ ಕೊಡಿ. ಠಾಣೆಯ ಬೀಟ್ ಪೊಲೀಸರನ್ನು ಕರೆದು ಪರಿಚಯ ಮಾಡಿಸಿ. ಮನೆ ಓನರ್ ಆಗಿದ್ದರೆ ಬಾಡಿಗೆ ಕರಾರನ್ನು ಸರಿಯಾಗಿ ಮಾಡಿಕೊಡಿ. ಎಲ್ಲವನ್ನೂ ಕಳೆದುಕೊಂಡವರಿಗೆ ಎಷ್ಟೋ ಸಲ ಮೊದಲು ಸಿಗುವ ವಿಳಾಸದ ಪುರಾವೆ ಅದೇ.

ಹಂತ 10: ಊರಿಗೆ ವಾಪಸ್ ಹೋಗುವ ಮಾತು

ಶಿಬಿರ ಮುಚ್ಚುತ್ತೇವೆ, ಹೋಗಿ ಅನ್ನುವ ಮಾತು ಎಂದಾದರೂ ಬಂದೇ ಬರುತ್ತದೆ. ತಮ್ಮ ದೇಶದೊಳಗೇ ನಿರಾಶ್ರಿತರಾದವರ ಬಗ್ಗೆ ವಿಶ್ವಸಂಸ್ಥೆ 1998ರಲ್ಲಿ ಮಾಡಿದ ಮಾರ್ಗದರ್ಶಿ ಸೂತ್ರಗಳ ಪ್ರಕಾರ ಮರಳುವುದು ಅವರ ಇಷ್ಟ, ಅದೂ ಸುರಕ್ಷಿತವಾಗಿ, ಮರ್ಯಾದೆಯಿಂದ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಆದರೂ ಅರ್ಜಿಯಲ್ಲಿ ಈ ಸೂತ್ರ ಉಲ್ಲೇಖಿಸಬಹುದು.

ಹೋಗಲಿ ಬಿಡಲಿ, ಜಾಗದ ಹಕ್ಕು ಬಿಡಬಾರದು. ಪಟ್ಟಾ, ತೆರಿಗೆ ರಸೀದಿ, ಹಳ್ಳಿ ಮುಖ್ಯಸ್ಥರ ಪತ್ರ, ಕರೆಂಟ್ ಬಿಲ್ ಏನು ಸಿಕ್ಕರೂ ಸ್ಕ್ಯಾನ್ ಮಾಡಿಸಿ. ಸುಟ್ಟ ಮನೆಯ ಜಾಗವನ್ನು ಗೂಗಲ್ ಮ್ಯಾಪ್‌ನಲ್ಲಿ ಗುರುತಿಸಿ ಅದರ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಬರೆದಿಡಿ. ಉಪಗ್ರಹದ ಹಳೆಯ ಚಿತ್ರದಲ್ಲಿ ತಗಡಿನ ಮಾಡು ಇನ್ನೂ ಕಾಣಿಸುತ್ತಿದ್ದರೆ ತಾರೀಕು ಕಾಣುವಂತೆ ಅದನ್ನೂ ಉಳಿಸಿಕೊಳ್ಳಿ. ಯಾರಾದರೂ ಒತ್ತುವರಿ ಮಾಡಿದ್ದರೆ ತಡಮಾಡದೆ ಜಿಲ್ಲಾಧಿಕಾರಿಗೆ ಬರೆಯಿರಿ. ಕಷ್ಟದಲ್ಲಿದ್ದಾರೆ ಅಂತ ಅರ್ಧ ಬೆಲೆಗೆ ಕೊಳ್ಳಲು ಬರುವವರು ಇರುತ್ತಾರೆ, ಕಾನೂನು ಸೇವೆಯ ವಕೀಲರಿಗೆ ತೋರಿಸದೆ ಯಾವ ಮಾರಾಟ ಪತ್ರಕ್ಕೂ ಸಹಿ ಬೇಡ.

ಇಷ್ಟೆಲ್ಲ ಆದಮೇಲೆ ಒಂದು ದಪ್ಪ ಫೈಲು ಆಗಿರುತ್ತದೆ. ಅಸಲು ಅವರ ಹತ್ತಿರ, ಒಂದು ಜೆರಾಕ್ಸ್ ಸೆಟ್ ವಕೀಲರ ಹತ್ತಿರ, ಇನ್ನೊಂದು ನಿಮ್ಮ ಬೀರುವಿನಲ್ಲಿ. ಯಾವ ಕಚೇರಿಯಲ್ಲಾದರೂ ಅಸಲು ಕೇಳಿದರೆ ತೋರಿಸಿ, ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಸೀಲು ಹಾಕಿದ ಸ್ವೀಕೃತಿ ಕೈಗೆ ಬರುವವರೆಗೂ ಕೌಂಟರ್ ಬಿಟ್ಟು ಏಳಬೇಡಿ.